ನಾಣ್ಯದ ಮೇಲೆ ನಿಂತ ಇಬ್ಬರು ಮೊಮ್ಮಕ್ಕಳು

ಶಾಸನ ಓದುವವರಿಗೆ ನಾಣ್ಯವೂ ಒಂದು ಪುಟ್ಟ ಶಾಸನವೇ. ರೋಮಿನ ಚಕ್ರವರ್ತಿ ಆಗಸ್ಟಸ್‌ನ ಒಂದು ಬೆಳ್ಳಿ ದಿನಾರಿಯಸ್ ಬಹಳ ದಿನಗಳಿಂದ ನನ್ನನ್ನು ಕಾಡಿದೆ. ತೂಕ 4 ಗ್ರಾಮಿಗಿಂತ ಒಂಚೂರು ಕಡಿಮೆ. ಟಂಕಿಸಿದ್ದು ಲುಗ್ದುನಮ್‌ನಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ.

ಮುಮ್ಮುಖದಲ್ಲಿ ಎಲೆಮಾಲೆ ಮುಡಿದ ಆಗಸ್ಟಸ್‌ನ ತಲೆ. ಸುತ್ತಲಿನ ಬರಹ ಅವನನ್ನು ‘ದೇವನಾದವನ ಮಗ’, ‘ದೇಶದ ತಂದೆ’ ಎನ್ನುತ್ತದೆ. ದೇವನಾದವನು ಜೂಲಿಯಸ್ ಸೀಸರ್. ಆಗಸ್ಟಸ್ ಅವನ ದತ್ತುಮಗ. ‘ದೇಶದ ತಂದೆ’ ಬಿರುದು ಸಿಕ್ಕಿದ್ದು ಕ್ರಿ.ಪೂ. 2ರಲ್ಲಿ. ಹಾಗಾಗಿ ನಾಣ್ಯ ಅದಕ್ಕಿಂತ ಹಳೆಯದಲ್ಲ. ನಾವೂ ಬಿರುದು ನೋಡಿಯೇ ಎಷ್ಟೋ ಶಾಸನಗಳ ಕಾಲ ಹಿಡಿಯುತ್ತೇವಲ್ಲ, ಅದೇ ಉಪಾಯ.

ಹಿಮ್ಮುಖದಲ್ಲಿ ಇಬ್ಬರು ತರುಣರು: ಗಾಯಸ್ ಮತ್ತು ಲೂಸಿಯಸ್. ಮಗಳು ಜೂಲಿಯಾಳ ಮಕ್ಕಳು. ಗಂಡುಸಂತಾನವಿಲ್ಲದ ಅಜ್ಜ ಕ್ರಿ.ಪೂ. 17ರಲ್ಲಿ ಇಬ್ಬರನ್ನೂ ದತ್ತು ತೆಗೆದುಕೊಂಡ. ಮೇಲೊಂದು ಸೌಟು, ಒಂದು ಬಾಗಿದ ಕೋಲು. ಸೌಟು ಪುರೋಹಿತನಾದ ಗಾಯಸ್‌ನದು. ಕೋಲು ಹಕ್ಕಿಶಕುನ ನೋಡುವ ಪದವಿ ಪಡೆದ ಲೂಸಿಯಸ್‌ನದು.

ನಡುವೆ ಗುರಾಣಿ, ಈಟಿಗಳು ಯಾಕೆ? ಸುಮ್ಮನೆ ಶೌರ್ಯದ ಗುರುತು ಅಂತ ಮೊದಲು ಅಂದುಕೊಂಡಿದ್ದೆ. ಉತ್ತರ ಸಿಕ್ಕಿದ್ದು ಟರ್ಕಿಯ ಅಂಕಾರಾದ ದೇವಾಲಯದ ಗೋಡೆಯಲ್ಲಿ. ಆಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಹೇಳಿಕೊಂಡ ಶಾಸನ ಅಲ್ಲಿದೆ. ಅಶ್ವಾರೋಹಿ ವರ್ಗದವರು ಈ ಹುಡುಗರಿಗೆ ಬೆಳ್ಳಿಯ ಗುರಾಣಿ, ಈಟಿಗಳನ್ನು ಕೊಟ್ಟು ‘ಯುವಕರ ನಾಯಕ’ ಎಂದು ಕರೆದರೆಂದು ಅದು ತಿಳಿಸುತ್ತದೆ. ನಾಣ್ಯದ ಬರಹದಲ್ಲೂ ಇದೇ ಬಿರುದು. ಅಂದರೆ ಇದು ಅಲಂಕಾರವಲ್ಲ, ಉತ್ತರಾಧಿಕಾರದ ಘೋಷಣೆ.

ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ ಮಸ್ಸಾಲಿಯಾದಲ್ಲಿ ಸತ್ತ, ಗಾಯಸ್ ಕ್ರಿ.ಶ. 4ರಲ್ಲಿ ಲಿಸಿಯಾದಲ್ಲಿ. ವಿಧಿ ಅವರನ್ನು ಎಳೆಯ ವಯಸ್ಸಿನಲ್ಲೇ ಕಿತ್ತುಕೊಂಡಿತೆಂಬ ಅಜ್ಜನ ಅಳಲೂ ಅದೇ ಗೋಡೆಯಲ್ಲಿದೆ. ಪಟ್ಟ ಕೊನೆಗೆ ಟೈಬೀರಿಯಸ್‌ನ ಪಾಲಾಯಿತು.

ನಾಣ್ಯ ಮಾತ್ರ ಓಡಾಡುತ್ತಲೇ ಇತ್ತು. ದಕ್ಷಿಣ ಭಾರತದ ನಿಧಿಗಳಲ್ಲಿ ಸಿಗುವ ಆಗಸ್ಟಸ್‌ನ ದಿನಾರಿಯಸ್‌ಗಳಲ್ಲಿ ಹೆಚ್ಚಿನವು ಈ ಬಗೆಯವೇ. ನಮ್ಮ ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಆಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ಭಾರತದಲ್ಲಿ ಇದರ ನಕಲುಗಳೂ ಆದವು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೀ ಗೀಟುಗಳಾಗಿವೆ, ಹೆಸರು ಓದಲಾಗದು. ಆ ಇಬ್ಬರು ಹುಡುಗರು, ಗುರಾಣಿಗಳು ಮಾತ್ರ ಹಾಗೇ ನಿಂತಿವೆ. ಇಲ್ಲಿನವರಿಗೆ ಅದು ಯಾರ ವಾರಸುದಾರಿಕೆಯೂ ಅಲ್ಲ. ಒಳ್ಳೆ ಬೆಳ್ಳಿಯ ಗುರುತು, ಅಷ್ಟೆ.