ಪ್ರಮಾದದ ಬೆಲೆ: ನಿಪಾ ರೋಗದ ಇತಿಹಾಸದಿಂದ ಒಂದು ಪಾಠ

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮೊದಲಾಗಿ ಎಣಿಸಿದ್ದಾರೆ. ಮುನಿಗಳು ಕುಳಿತುಕೊಳ್ಳುವ ಮುನ್ನ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರಿ, ಕಣ್ಣಿಟ್ಟು ನೋಡುವುದು ಈ ತತ್ತ್ವದ ಆಚರಣೆಯೇ ಆಗಿದೆ. ಎಚ್ಚರದಿಂದ ನೋಡುವ ಈ ಕರ್ತವ್ಯವು ಮುನಿಗಳಿಗಷ್ಟೇ ಅಲ್ಲ, ಒಂದು ನಾಡಿಗೂ ಅಗತ್ಯವೆಂಬುದನ್ನು ಮಲೇಷ್ಯಾ ದೇಶದ ಒಂದು ದುರಂತವು ತಿಳಿಸುತ್ತದೆ.

1998ರ ಸೆಪ್ಟೆಂಬರ್ ತಿಂಗಳಲ್ಲಿ ಪೆರಾಕ್ ರಾಜ್ಯದ ಇಪೋ ನಗರದ ಬಳಿ ಹಂದಿ ಸಾಕುವವರು ತೀವ್ರ ಜ್ವರದಿಂದ ಪ್ರಜ್ಞೆತಪ್ಪಿ ಸಾಯತೊಡಗಿದರು. ಇದು ಸೊಳ್ಳೆಗಳಿಂದ ಹರಡುವ ಜಪಾನೀಸ್ ಮೆದುಳು ಜ್ವರವೆಂದು ಅಧಿಕಾರಿಗಳು ಭಾವಿಸಿ, ಸೊಳ್ಳೆಗಳ ನಾಶಕ್ಕೆ ತೊಡಗಿದರು, ಲಸಿಕೆ ಹಾಕಿಸಿದರು. ಆದರೆ ಲಕ್ಷಣಗಳು ಬೇರೆಯೇ ಆಗಿದ್ದವು. ಮೆದುಳು ಜ್ವರವು ಹೆಚ್ಚಾಗಿ ಮಕ್ಕಳನ್ನು ಕಾಡುವಂಥದು. ಇಲ್ಲಿ ಸಾಯುತ್ತಿದ್ದವರು ಹಂದಿಗಳೊಡನೆ ದುಡಿಯುವ ವಯಸ್ಕರು. ಸೊಳ್ಳೆ ಎಲ್ಲರನ್ನೂ ಕಚ್ಚುತ್ತದೆ. ಇಲ್ಲಿ ಹಂದಿಗಳ ಸಂಪರ್ಕವಿಲ್ಲದ ನೆರೆಯವರು ಬಹುತೇಕ ಸುರಕ್ಷಿತರಾಗಿದ್ದರು. ಲಸಿಕೆ ಪಡೆದವರೂ ರೋಗಕ್ಕೆ ತುತ್ತಾದರು. ಎಲ್ಲಕ್ಕಿಂತ ಮಿಗಿಲಾಗಿ, ಹಂದಿಗಳೇ ಏದುಸಿರು ಬಿಡುತ್ತ ದೂರಕ್ಕೆ ಕೇಳುವಂತೆ ಕೆಮ್ಮುತ್ತಿದ್ದವು. ಆ ಮೂಕಜೀವಿಗಳ ನೋವಿಗೆ ಕಿವಿಗೊಟ್ಟವರು ವಿರಳ.

ರೋಗ ತಗುಲಿದ ಹಂದಿಗಳ ಸಾಗಾಟದಿಂದ ಸೋಂಕು ದಕ್ಷಿಣದ ನೆಗೆರಿ ಸೆಂಬಿಲಾನ್ ರಾಜ್ಯವನ್ನು ತಲಪಿತು. 1999ರ ಮಾರ್ಚ್‌ನಲ್ಲಿ ಸಿಂಗಪುರದ ಕಸಾಯಿಖಾನೆಯ ಕೆಲಸಗಾರರಲ್ಲಿಯೂ ಕಾಣಿಸಿಕೊಂಡಿತು. ಅದೇ ತಿಂಗಳಲ್ಲಿ ಮಲಯ ವಿಶ್ವವಿದ್ಯಾಲಯದ ಡಾ. ಚುವಾ ಕಾ ಬಿಂಗ್ ಅವರು ಹೊಸ ವೈರಾಣುವೊಂದನ್ನು ಪತ್ತೆಹಚ್ಚಿದರು. ಸುಂಗೈ ನಿಪಾ ಎಂಬ ಹಳ್ಳಿಯಿಂದ ಅದಕ್ಕೆ ನಿಪಾ ಎಂಬ ಹೆಸರಾಯಿತು. ಹಣ್ಣು ತಿನ್ನುವ ಬಾವಲಿಗಳು ಅದರ ಸಹಜ ನೆಲೆ. ಹಂದಿಗೂಡುಗಳ ಪಕ್ಕದಲ್ಲಿಯೇ ಹಣ್ಣಿನ ಮರಗಳನ್ನು ಬೆಳೆಸಿದ್ದರಿಂದ ಬಾವಲಿ ಕಚ್ಚಿದ ಹಣ್ಣುಗಳು ಹಂದಿಗಳಿಗೆ ಸಿಗುವಂತಾಗಿತ್ತು.

ಮಲೇಷ್ಯಾದಲ್ಲಿ ರೋಗಕ್ಕೆ ತುತ್ತಾದ 265 ಮಂದಿಯಲ್ಲಿ 105 ಮಂದಿ ಅಸುನೀಗಿದರು. ಸೋಂಕನ್ನು ತಡೆಯಲು ಹತ್ತು ಲಕ್ಷಕ್ಕೂ ಮಿಕ್ಕಿ ಹಂದಿಗಳನ್ನು ಕೊಲ್ಲಲಾಯಿತು. ಆ ಕಾರ್ಯಕ್ಕೆ ಸೈನಿಕರನ್ನೂ ನಿಯೋಜಿಸಲಾಯಿತು.

ಜನರ ಪ್ರಾಣರಕ್ಷಣೆಗಾಗಿ ಇದು ಅನಿವಾರ್ಯವಾದ ವಿರೋಧಿ ಹಿಂಸೆ ಎಂದು ಕೆಲವರು ವಾದಿಸಬಹುದು. ಆ ಹಂದಿಗಳು ಹೇಗೂ ವಧೆಗೆಂದೇ ಸಾಕಿದವು ಎಂದೂ ಹೇಳಬಹುದು. ಒಂದು ಹಿಂಸೆ ಇನ್ನೊಂದಕ್ಕೆ ಸಮರ್ಥನೆಯಾಗಲಾರದು. ಅನಿವಾರ್ಯತೆಯ ಮಾತನ್ನು ಒಪ್ಪಿದರೂ, ಆ ಅನಿವಾರ್ಯತೆಯನ್ನು ತಂದಿತ್ತುದು ಯಾವುದು? ಆರು ತಿಂಗಳ ಪ್ರಮಾದವಲ್ಲವೇ?

ಅನಂತರ ಮಲೇಷ್ಯಾವು ಎಚ್ಚೆತ್ತುಕೊಂಡು ಹಂದಿಗಳ ರಕ್ತಪರೀಕ್ಷೆಯ ವ್ಯವಸ್ಥೆ ಮಾಡಿತು; ಗೂಡುಗಳ ಬಳಿ ಹಣ್ಣಿನ ಮರಗಳಿರದಂತೆ ನೋಡಿಕೊಂಡಿತು. ಬಾವಲಿಗಳನ್ನು ನಿರ್ಮೂಲ ಮಾಡದೆಯೇ ಸೋಂಕಿನ ದಾರಿಯನ್ನು ಮುಚ್ಚಲು ಸಾಧ್ಯವಾಯಿತು. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಇದೇ ವೈರಾಣು ಕಾಣಿಸಿಕೊಂಡಾಗ, ನಮ್ಮ ಮಣಿಪಾಲದ ಪ್ರಯೋಗಾಲಯವು ಅದನ್ನು ಬೇಗನೆ ಗುರುತಿಸಿತು. ಪುಣೆಯ ರಾಷ್ಟ್ರೀಯ ಸಂಸ್ಥೆ ಅದನ್ನು ದೃಢಪಡಿಸಿತು. ಅಲ್ಲಿಯೂ ಸಾವುಗಳು ಸಂಭವಿಸಿದವು, ಆದರೆ ರೋಗವು ತಿಂಗಳುಗಟ್ಟಲೆ ಅಜ್ಞಾತವಾಗಿ ಹಬ್ಬಲಿಲ್ಲ.

ಪ್ರಾಣಿಯಿಂದ ಒಂದಿಷ್ಟು ರಕ್ತ ಪಡೆಯುವಾಗ ಅದಕ್ಕೆ ಅಲ್ಪ ನೋವಾಗುವುದು ನಿಜ. ಆದರೆ ಆ ಪರೀಕ್ಷೆಯಿಂದ ಲಕ್ಷಾಂತರ ಜೀವಗಳ ವಧೆ ತಪ್ಪುವುದಾದರೆ ಅದನ್ನು ಜೀವದಯೆಯ ಅಂಗವೆಂದೇ ತಿಳಿಯಬೇಕು. ಗೋಶಾಲೆಗಳನ್ನು ನಡೆಸುವ, ಮನೆಯಲ್ಲಿ ಹಸುಕರುಗಳನ್ನು ಸಾಕುವ ಶ್ರಾವಕರು ದನ ಕೆಮ್ಮಿದಾಗ, ಮೇವು ಬಿಟ್ಟಾಗ, ಕಂದು ಹಾಕಿದಾಗ ಅದನ್ನು ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಬೇಕು. ಪಿಂಛಿಯ ಹಿಂದಿನ ಎಚ್ಚರವು ನಮ್ಮ ಕೊಟ್ಟಿಗೆಗಳಲ್ಲಿಯೂ ನೆಲೆಸಲಿ.