ಹಟ್ಟಿ ಪಕ್ಕದಲ್ಲೇ ಇದ್ದರೂ ಬಂಗಾರ ಯಾಕೆ ಅಗ್ಗ ಇಲ್ಲ? ದರ, ಸುಂಕ, ರಾಜಧನದ ಲೆಕ್ಕ ಇಲ್ಲಿದೆ

ಲಿಂಗಸುಗೂರು: ಮದುವೆ ಸೀಸನ್ ಬಂತೆಂದರೆ ಸರಾಫ ಅಂಗಡಿಗಳಲ್ಲಿ ಈ ಪ್ರಶ್ನೆ ಇದ್ದದ್ದೇ. ‘ಗಣಿ ನಮ್ಮ ತಾಲ್ಲೂಕಿನಲ್ಲೇ ಐತಿ, ನಮಗ್ಯಾಕ ಬೆಂಗಳೂರಿನ ರೇಟು?’ ಉತ್ತರ ತಿಳಿದರೆ ಗಣಿಯ ಕಷ್ಟ-ಸುಖವೂ ಅರ್ಥವಾಗುತ್ತದೆ, ಊರಿಗೆ ಬರಬೇಕಾದ ಹಣದ ಲೆಕ್ಕವೂ ಸಿಗುತ್ತದೆ.

ದರ ಯಾರ ಕೈಯಲ್ಲಿದೆ?

ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿ. 1947ರಲ್ಲಿ ನಿಜಾಮರ ಸಂಸ್ಥಾನದ ಕಾಲದಲ್ಲಿ ಆರಂಭವಾಗಿ, 1956ರ ರಾಜ್ಯ ಪುನರ್‌ವಿಂಗಡಣೆಯ ನಂತರ ನಮ್ಮ ರಾಜ್ಯದ ಪಾಲಿಗೆ ಬಂತು. ಆದರೆ ದರ ಕಟ್ಟುವುದು ಕಂಪನಿಯೂ ಅಲ್ಲ, ಸರ್ಕಾರವೂ ಅಲ್ಲ. ಲಂಡನ್ನಿನಲ್ಲಿ ದಿನಕ್ಕೆ ಎರಡು ಸಲ ಡಾಲರ್ ಲೆಕ್ಕದಲ್ಲಿ ಬಂಗಾರದ ದರ ನಿಗದಿಯಾಗುತ್ತದೆ. ಅದಕ್ಕೆ ರೂಪಾಯಿಯ ಬೆಲೆ, ಆಮದು ಸುಂಕ ಸೇರಿದರೆ ನಮ್ಮ ಮಾರುಕಟ್ಟೆಯ ದರ.

ದೇಶಕ್ಕೆ ವರ್ಷಕ್ಕೆ ಸುಮಾರು 700–800 ಟನ್ ಬಂಗಾರ ಹೊರಗಿನಿಂದ ಬರುತ್ತದೆ. ಹಟ್ಟಿಯಲ್ಲಿ ಸಿಗುವುದು ವರ್ಷಕ್ಕೆ ಎರಡು ಟನ್ನಿಗೂ ಕಡಿಮೆ. ಇಷ್ಟರಿಂದ ದರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮಾಲು ಉಳಿದುಬಿಡುತ್ತದೆ ಅನ್ನುವ ಚಿಂತೆ ಗಣಿಗೆ ಇಲ್ಲ. ಖರ್ಚು ಮಾತ್ರ ತನ್ನ ಕೈಯಲ್ಲಿ, ದರ ಬೇರೆಯವರ ಕೈಯಲ್ಲಿ ಅನ್ನುವುದೇ ಅದರ ಸಮಸ್ಯೆ.

ಇನ್ನೊಂದು ಮಾತು. ಬಂಗಾರ ಕರಗಿತೆಂದರೆ ಯಾವ ಗಣಿಯದು ಅನ್ನುವ ಗುರುತು ಉಳಿಯುವುದಿಲ್ಲ. ಆಭರಣದ ಮೇಲಿನ ಹಾಲ್‌ಮಾರ್ಕ್ ಶುದ್ಧತೆ ಹೇಳುತ್ತದೆ, ಊರು ಹೇಳುವುದಿಲ್ಲ. ಗುಳೇದಗುಡ್ಡ ಖಣ, ಇಳಕಲ್ ಸೀರೆಯಂತೆ ಊರಿನ ಹೆಸರಿಗೇ ಬೆಲೆ ಸಿಗುವ ಅನುಕೂಲ ಹಟ್ಟಿ ಬಂಗಾರಕ್ಕೆ ಇಲ್ಲ.

ಸುಂಕ ಇಳಿದರೆ ಯಾರಿಗೆ ಏನು?

2024ರ ಜುಲೈ ಬಜೆಟ್‌ನಲ್ಲಿ ಬಂಗಾರದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಸುಂಕವಿಲ್ಲದೆ 1 ಲಕ್ಷ ರೂಪಾಯಿ ಬೆಲೆಯ ಬಂಗಾರ ಮೊದಲು 1.15 ಲಕ್ಷ ಆಗುತ್ತಿದ್ದರೆ, ಆಮೇಲೆ 1.06 ಲಕ್ಷ. ಗಿರಾಕಿಗೆ ಇದು ಲಾಭ. ಹಳೇ ದರದಲ್ಲಿ ಮಾಲು ತಂದಿಟ್ಟಿದ್ದ ಅಂಗಡಿಯವರಿಗೆ ಅವತ್ತೇ ಪೆಟ್ಟು. ದೇಶದೊಳಗಿನ ದರದಲ್ಲಿ ಸುಂಕವೂ ಸೇರಿರುವುದರಿಂದ ಇಲ್ಲಿನ ಗಣಿಗೆ ಸಿಗುವ ಬೆಲೆಯೂ ಅಷ್ಟೇ ಇಳಿಯುತ್ತದೆ. ಸುಂಕ ಹೆಚ್ಚಾದರೆ ಕಳ್ಳಸಾಗಣೆ ಹೆಚ್ಚುತ್ತದೆ, ಬಿಲ್ ಕೊಟ್ಟು ವ್ಯಾಪಾರ ಮಾಡುವವರು ಸೋಲುತ್ತಾರೆ. ಎರಡೂ ಕಡೆ ಸರಿತೂಗಿಸುವುದೇ ಸರ್ಕಾರಕ್ಕಿರುವ ಸವಾಲು.

ರಾಜಧನದ ಲೆಕ್ಕ

2014ರಿಂದ ಚಿನ್ನದ ಗಣಿಗೆ ರಾಜಧನ ಲಂಡನ್ ದರದ ಶೇ 4. ಇದು ಅದಿರಿನಲ್ಲಿ ಇರುವ ಚಿನ್ನದ ಮೇಲೆ, ಕೈಗೆ ಸಿಕ್ಕ ಚಿನ್ನದ ಮೇಲಲ್ಲ. ಉದಾಹರಣೆಗೆ, ಅದಿರಿನಲ್ಲಿ 100 ಗ್ರಾಂ ಇದ್ದು ಕಾರ್ಖಾನೆಯಲ್ಲಿ 90 ಗ್ರಾಂ ಮಾತ್ರ ಸಿಕ್ಕರೂ ರಾಜಧನ 100 ಗ್ರಾಂಗೆ ಕಟ್ಟಬೇಕು.

ಇದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ (ಡಿಎಂಎಫ್) ಹಣ ಕಟ್ಟಬೇಕು. 2015ರ ಜನವರಿ 12ಕ್ಕೂ ಮೊದಲು ಕೊಟ್ಟ ಗುತ್ತಿಗೆಯಾದರೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10. ಅಂದರೆ ಹಳೇ ಗುತ್ತಿಗೆಯಲ್ಲಿ 100 ರೂಪಾಯಿ ರಾಜಧನಕ್ಕೆ 30 ರೂಪಾಯಿ ಗಣಿಬಾಧಿತ ಊರುಗಳಿಗೆ. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ಪರಿಸರ ರಕ್ಷಣೆಗೆ ಇದರಲ್ಲಿ ಆದ್ಯತೆ.

ಹೊಸ ಗಣಿ ಯಾಕೆ ಬರುತ್ತಿಲ್ಲ?

2015ರ ಕಾನೂನು ತಿದ್ದುಪಡಿಯ ನಂತರ ಗಣಿ ಗುತ್ತಿಗೆ ಹರಾಜಿನಲ್ಲೇ ಸಿಗಬೇಕು. ಇದರಿಂದ ಪಾರದರ್ಶಕತೆ ಬಂತು, ನಿಜ. ಆದರೆ ಚಿನ್ನ ಕಬ್ಬಿಣದ ಅದಿರಿನಂತೆ ಮೇಲೆಯೇ ಕಾಣುವುದಿಲ್ಲ. ವರ್ಷಗಟ್ಟಲೆ ಕೊರೆದು ಹುಡುಕಬೇಕು. ಖರ್ಚು ಮಾಡಿ ಹುಡುಕಿದವರಿಗೇ ಗಣಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದರೆ ದುಡ್ಡು ಹಾಕುವವರು ಯಾರು? ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ನಿಕ್ಷೇಪ ಪತ್ತೆಯಾಗಿದ್ದರೂ ಗುತ್ತಿಗೆ ಅರ್ಜಿ ಈ ಕಾನೂನು ಬದಲಾವಣೆಗಳ ನಡುವೆ ಸಿಕ್ಕಿಕೊಂಡಿತು. 2023ರಲ್ಲಿ ಚಿನ್ನ, ಬೆಳ್ಳಿ ಸೇರಿದಂತೆ ಆಳದ ಖನಿಜಗಳಿಗೆ ‘ಅನ್ವೇಷಣಾ ಪರವಾನಗಿ’ ತಂದದ್ದು ಈ ತೊಡಕು ಬಿಡಿಸಲಿಕ್ಕೇ.

ಕೆಜಿಎಫ್ ಹೇಳುವ ಪಾಠ

ಕೋಲಾರ ಚಿನ್ನದ ಗಣಿಯಲ್ಲಿ 120 ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಸಿಕ್ಕಿತ್ತು. ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ಖರ್ಚು ಏರಿತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಆಮೇಲಿನ ವರ್ಷಗಳಲ್ಲಿ ಬಂಗಾರದ ದರ ಹಲವು ಪಟ್ಟು ಏರಿತು, ಆದರೆ ನೀರು ತುಂಬಿದ ಗಣಿ ಮತ್ತೆ ತೆರೆಯಲಿಲ್ಲ. ಊರಿನ ಜನ ಇವತ್ತಿಗೂ ಕೆಲಸಕ್ಕೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ.

ದರ ಏರಿದಾಗ ಕಡಿಮೆ ಚಿನ್ನವಿರುವ ಅದಿರೂ ಲಾಭ ಕೊಡುತ್ತದೆ. ದರ ಬಿದ್ದರೆ ಅದೇ ಅದಿರು ಬರೀ ಕಲ್ಲು. ಅದಕ್ಕೇ ಒಳ್ಳೇ ದರ ಇರುವ ಕಾಲದಲ್ಲೇ ಹೊಸ ನಿಕ್ಷೇಪದ ಹುಡುಕಾಟ, ಯಂತ್ರ, ಕಾರ್ಮಿಕರ ಸುರಕ್ಷತೆಗೆ ಹಣ ಹಾಕಬೇಕು.

ನೀವು ಏನು ನೋಡಬೇಕು?

* ಗಿರಾಕಿಗಳು: ಆಭರಣದ ಮೇಲೆ ಬಿಐಎಸ್ ಗುರುತು, ಶುದ್ಧತೆ (22 ಕ್ಯಾರೆಟ್‌ಗೆ 916), ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಮೂರೂ ಇರಲಿ. ಎಚ್‌ಯುಐಡಿಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಬಂಗಾರದ ಮೇಲೆ ಜಿಎಸ್‌ಟಿ ಶೇ 3.
* ಅಂಗಡಿಯವರು: ಬಜೆಟ್ ಮುಂದಿರುವಾಗ ಹೆಚ್ಚು ಮಾಲು ತುಂಬುವ ಮುನ್ನ ಸುಂಕದ ಲೆಕ್ಕ ಹಾಕಿ.
* ಗಣಿ ಸುತ್ತಲಿನ ಊರಿನವರು: ಡಿಎಂಎಫ್ ಕಾಮಗಾರಿ, ಖರ್ಚಿನ ವಿವರ ಜನರಿಗೆ ಸಿಗುವಂತೆ ಇಡಬೇಕೆಂದು ನಿಯಮವೇ ಇದೆ. ಗ್ರಾಮಸಭೆಯಲ್ಲಿ ಕೇಳಿ. ಬಂಗಾರ ಅಗ್ಗಕ್ಕೆ ಸಿಗದಿದ್ದರೂ ಈ ಹಣದಲ್ಲಿ ನಮ್ಮ ಪಾಲು ಇದೆ.