ಲೆಕ್ಕಕ್ಕೊಂದು ಪ್ರಯೋಗಶಾಲೆ
ಸಂಖ್ಯಾತ್ಮಕ ವಿಧಾನಗಳ ಪಾಠ ಕಂಪ್ಯೂಟರಿಗಿಂತ ಹಳೆಯದು. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕಲಿಸುತ್ತಿದ್ದ ಕಾರ್ಲ್ ರುಂಗೆ, ಅವಕಲ ಸಮೀಕರಣಗಳನ್ನು ಹಂತಹಂತವಾಗಿ ಬಿಡಿಸುವ ವಿಧಾನವನ್ನು 1895ರಲ್ಲಿ ಪ್ರಕಟಿಸಿದರು. 1901ರಲ್ಲಿ ವಿಲ್ಹೆಲ್ಮ್ ಕುಟ್ಟಾ ಅದನ್ನು ಬೆಳೆಸಿದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಇಂದಿಗೂ ಕಲಿಯುತ್ತಾರೆ.

ಲೆಕ್ಕವನ್ನೇ ಪ್ರಯೋಗದಂತೆ ಕಲಿಸಿದ ಶ್ರೇಯಸ್ಸು ಮಾತ್ರ ಬಹುಮಟ್ಟಿಗೆ ಎಡಿನ್‌ಬರೋ ವಿಶ್ವವಿದ್ಯಾಲಯದ್ದು. ಅಲ್ಲಿ ಎಡ್ಮಂಡ್ ವಿಟೇಕರ್ 1913ರಲ್ಲಿ ಗಣಿತ ಪ್ರಯೋಗಶಾಲೆ ತೆರೆದರು. ಪ್ರತಿ ವಿದ್ಯಾರ್ಥಿಗೂ ಒಂದು ಮೇಜು, ದೊಡ್ಡ ಚೌಕುಳಿ ಹಾಳೆ, ಒಂದೊಂದು ಚೌಕದಲ್ಲಿ ಎರಡೆರಡು ಅಂಕೆ; ಪಕ್ಕದಲ್ಲಿ ವರ್ಗ, ಘನಗಳ ಬಾರ್ಲೋ ಕೋಷ್ಟಕ, ಕ್ರೆಲ್ಲೆಯ ಗುಣಾಕಾರ ಕೋಷ್ಟಕ, ಏಳು ಸ್ಥಾನಗಳ ಲಾಗರಿದಂ ಕೋಷ್ಟಕ. ಅಂಕೆಗಳು ಸಾಲು ತಪ್ಪದೆ ಕೂತರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಆ ಪಾಠದ ತಿರುಳೇ ಈ ಶಿಸ್ತು. ಅಲ್ಲಿನ ಬೋಧನೆಯಿಂದ ಮೂಡಿದ್ದು, ವಿಟೇಕರ್ ಮತ್ತು ಜಾರ್ಜ್ ರಾಬಿನ್ಸನ್ 1924ರಲ್ಲಿ ಹೊರತಂದ ‘ದಿ ಕ್ಯಾಲ್ಕುಲಸ್ ಆಫ್ ಅಬ್ಸರ್ವೇಷನ್ಸ್’.